ಸ್ಲೈಡಿನ ಹೊಳಪು ಮಾಸದಂತೆ ನೋಡಿಕೊಳ್ಳುವುದು

(ಆಸ್ಪತ್ರೆ ಲ್ಯಾಬ್ ಟೆಕ್ನೀಶಿಯನ್‌ಗಳು ಮತ್ತು ಎಂಎಸ್ಸಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ನಿಮ್ಮಲ್ಲಿ ಅರ್ಧ ಜನ ಆಸ್ಪತ್ರೆಯವರು, ಇನ್ನರ್ಧ ಕಾಲೇಜಿನವರು ಅಂತ ಆಗಲೇ ಹೇಳಿದರು. ಆಸ್ಪತ್ರೆಯವರ ಕೈಯಲ್ಲಿ ದಿನಾ ಓಡಾಡುವುದು ಆರಮಿನ್ ಸ್ಲೈಡ್, ಅಂದರೆ ಕ್ಷಯದ ಬ್ಯಾಕ್ಟೀರಿಯಾ ಹೊಳೆಯುವಂತೆ ಮಾಡುವ ಬಣ್ಣ ಹಚ್ಚಿದ್ದು. ಕಾಲೇಜಿನವರಿಗೆ ನ್ಯೂಕ್ಲಿಯಸ್ಸನ್ನು ನೀಲಿಯಾಗಿ ತೋರಿಸುವ ಡಾಪಿ, ಹಸಿರಾಗಿ ಹೊಳೆಯುವ ಎಫ್‌ಐಟಿಸಿ. ಬಣ್ಣ ಬೇರೆ ಬೇರೆಯಾದರೂ ನನ್ನ ಹತ್ತಿರ ಬರುವ ದೂರು ಒಂದೇ. "ನಿನ್ನೆ ಚೆನ್ನಾಗಿ ಹೊಳೀತಿತ್ತು ಮೇಡಂ, ಇವತ್ತು ಏನೂ ಕಾಣ್ತಿಲ್ಲ."

ಆಗ ನಾನು ಕೇಳುವುದು ಇಷ್ಟೇ. ಸ್ಲೈಡ್ ನೋಡಿ ನೋಡಿ ಮಾಸಿತಾ, ಇಲ್ಲ ಡಬ್ಬಿಯಲ್ಲಿ ಇಟ್ಟಲ್ಲೇ ಮಾಸಿತಾ? ತುಂಬಾ ಜನಕ್ಕೆ ಉತ್ತರ ಗೊತ್ತಿರುವುದಿಲ್ಲ. ಗೊತ್ತಿಲ್ಲದೆಯೇ, ಬಣ್ಣ ಮಾಸದಂತೆ ತಡೆಯುವ ದುಬಾರಿ ಆಂಟಿಫೇಡ್ ಬಾಟಲಿಗೆ ಆರ್ಡರ್ ಹಾಕಿರುತ್ತಾರೆ. ಮಾಸುವುದಕ್ಕೆ ನಾಲ್ಕಾರು ಕಾರಣಗಳಿವೆ. ಆ ಬಾಟಲಿ ತಡೆಯುವುದು ಮುಖ್ಯವಾಗಿ ಒಂದನ್ನು.

ಯಾವ ಕಾರಣ ಅಂತ ತಿಳಿಯಲು ಖರ್ಚಿಲ್ಲದ ಪರೀಕ್ಷೆಯೊಂದಿದೆ. 40ಎಕ್ಸ್ ಲೆನ್ಸಿನಲ್ಲಿ ಒಂದು ಜಾಗವನ್ನು ಸ್ವಲ್ಪ ಹೊತ್ತು ನೋಡಿದ್ದೀರಿ ಅಂತಿಟ್ಟುಕೊಳ್ಳಿ. ಸ್ಲೈಡ್ ಅಲುಗಾಡಿಸದೆ 10ಎಕ್ಸ್ ಲೆನ್ಸಿಗೆ ಬನ್ನಿ. ಹಸಿರು ಜೀವಕೋಶಗಳ ನಡುವೆ ದುಂಡನೆಯ ಕಪ್ಪು ಜಾಗ ಕಂಡರೆ ಅದು ನಿಮ್ಮ ದೀಪದ ಕೆಲಸ. ಬೆಳಕು ಬಿದ್ದಷ್ಟು ಜಾಗದಲ್ಲಿ ಬಣ್ಣ ಸತ್ತಿದೆ, ಸುತ್ತಲಿನದು ಹಾಗೇ ಇದೆ. ಕಾನ್ಫೋಕಲ್ ಮೈಕ್ರೋಸ್ಕೋಪ್ ಆದರೆ ಲೇಸರ್ ಸಾಲುಸಾಲಾಗಿ ಓಡಾಡುವುದರಿಂದ ಆ ಕಪ್ಪು ಜಾಗ ಚೌಕಾಕಾರವಾಗಿರುತ್ತದೆ. ಇಡೀ ಸ್ಲೈಡ್ ಒಂದೇ ಸಮನೆ ಮಂಕಾಗಿದ್ದರೆ ಮಾತ್ರ ಮೈಕ್ರೋಸ್ಕೋಪಿನ ಮೇಲೆ ತಪ್ಪು ಹೊರಿಸಬೇಡಿ. ಆಗ ಹುಡುಕಬೇಕಾದ್ದು ಬೇರೆ ಕಡೆ: ಪಿಎಚ್ ಇಳಿದಿರಬಹುದು, ಸ್ಯಾಂಪಲ್ ಒಣಗಿರಬಹುದು, ಬಣ್ಣ ಸೋರಿರಬಹುದು, ಸ್ಯಾಂಪಲ್ಲಿಗೂ ಮೇಲಿನ ತೆಳು ಗಾಜಿಗೂ ನಡುವೆ ಹಾಕುವ ಮೀಡಿಯಂ ಹಳೆಯದಾಗಿರಬಹುದು.

ಮೊದಲು ಬೆಳಕಿನ ವಿಷಯ ನೋಡೋಣ. ಒಂದು ಬೆಳಕನ್ನು ನುಂಗಿ ಬೇರೆ ಬಣ್ಣದ ಬೆಳಕನ್ನು ಬಿಡುವುದಕ್ಕೆ ಫ್ಲೋರೆಸೆನ್ಸ್ ಅನ್ನುವ ಹೆಸರು ಕೊಟ್ಟವರು ಜಾರ್ಜ್ ಸ್ಟೋಕ್ಸ್, 1852ರಲ್ಲಿ. ಇವತ್ತಿಗೂ ನಾವು ಬಳಸುವ ಫ್ಲೋರೆಸೀನ್ ಬಣ್ಣವನ್ನು ಅಡಾಲ್ಫ್ ಫಾನ್ ಬಾಯರ್ 1871ರಲ್ಲಿ ತಯಾರಿಸಿದರು. ಆಂಟಿಬಾಡಿಗೆ, ಅಂದರೆ ತನ್ನ ಗುರಿಗೆ ಮಾತ್ರ ಅಂಟುವ ಪ್ರೋಟೀನಿಗೆ, ಹೊಳೆಯುವ ಬಣ್ಣ ಅಂಟಿಸಬಹುದು ಅಂತ ಆಲ್ಬರ್ಟ್ ಕೂನ್ಸ್ ತೋರಿಸಿದ್ದು 1941ರಲ್ಲಿ. ಅಂದರೆ ಎಫ್‌ಐಟಿಸಿಯಲ್ಲಿ ಹೊಳೆಯುವ ಭಾಗ ಆ ಫ್ಲೋರೆಸೀನೇ, ಅದಕ್ಕೆ ನೂರೈವತ್ತು ವರ್ಷ ದಾಟಿದೆ. ಹೊಳಪು ಅದ್ಭುತ, ತಾಳಿಕೆ ಮಾತ್ರ ಕಡಿಮೆ.

ಫ್ಲೋರೆಸೀನ್ ಅಣು 490 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕನ್ನು ನುಂಗುತ್ತದೆ. ಕೆಲವೇ ನ್ಯಾನೋಸೆಕೆಂಡಿನಲ್ಲಿ 520ರ ಹತ್ತಿರದ ಹಸಿರು ಬೆಳಕನ್ನು ಬಿಟ್ಟು ಮೊದಲಿನ ಸ್ಥಿತಿಗೆ ಬರುತ್ತದೆ. ಮತ್ತೆ ನುಂಗುತ್ತದೆ, ಮತ್ತೆ ಬಿಡುತ್ತದೆ. ಆದರೆ ಒಮ್ಮೊಮ್ಮೆ ಶಕ್ತಿಯನ್ನು ಆ ಕ್ಷಣಕ್ಕೆ ಬಿಡದೆ ಟ್ರಿಪ್ಲೆಟ್ ಅನ್ನುವ ಬೇರೊಂದು ಸ್ಥಿತಿಗೆ ಜಾರುತ್ತದೆ. ಅಲ್ಲಿಂದ ಹೊರಬರುವುದು ತಡ. ಮೈಕ್ರೋಸೆಕೆಂಡುಗಟ್ಟಲೆ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಹೊತ್ತು ಅಲ್ಲೇ ಸಿಕ್ಕಿಕೊಂಡಿರುತ್ತದೆ. ನಮಗೆ ಅದು ಏನೂ ಅಲ್ಲದ ಸಮಯ. ಅಣುವಿನ ಲೆಕ್ಕದಲ್ಲಿ ಒಂದು ಯುಗ. ಅಷ್ಟರಲ್ಲಿ ಹತ್ತಿರದ ಆಕ್ಸಿಜನ್ ಎದುರಾಗುತ್ತದೆ. ಶಕ್ತಿ ಆಕ್ಸಿಜನ್ ಕೈಗೆ ಹೋಗಿ ಅದು ಸಿಂಗ್ಲೆಟ್ ಆಕ್ಸಿಜನ್ ಆಗುತ್ತದೆ. ಇದು ಸಿಕ್ಕಿದ್ದನ್ನೆಲ್ಲ ಕೆಡಿಸುವ ವಸ್ತು. ಕೊನೆಗೆ ಡೈ ಅಣುವನ್ನೇ ಒಡೆದುಹಾಕುತ್ತದೆ. ಒಡೆದದ್ದು ಮತ್ತೆ ಕೂಡುವುದಿಲ್ಲ.

ಒಂದು ಫ್ಲೋರೆಸೀನ್ ಅಣು ಸಾಯುವ ಮುಂಚೆ ಸುಮಾರು 30ರಿಂದ 40 ಸಾವಿರ ಫೋಟಾನ್ ಕೊಡುತ್ತದೆ ಅನ್ನುವುದು ಈ ಕ್ಷೇತ್ರದಲ್ಲಿ ಎಲ್ಲರೂ ಹೇಳುವ ಅಂದಾಜು. ರೀಚಾರ್ಜ್ ಮಾಡಲಾಗದ ಪ್ರೀಪೇಯ್ಡ್ ಸಿಮ್ ಇದ್ದ ಹಾಗೆ. ನೀವು ಫೋಟೋ ತೆಗೆದರೂ ಬ್ಯಾಲೆನ್ಸ್ ಖಾಲಿಯಾಗುತ್ತದೆ, ಸುಮ್ನೆ ಶಟರ್ ತೆರೆದಿಟ್ಟು ಪಕ್ಕದವರ ಜೊತೆ ಮಾತಾಡಿದರೂ ಖಾಲಿಯಾಗುತ್ತದೆ.

ಹಾಗಾದರೆ ಆಂಟಿಫೇಡ್ ಏನು ಮಾಡುತ್ತದೆ? ಟ್ರಿಪ್ಲೆಟ್‌ನಲ್ಲಿ ಸಿಕ್ಕಿಕೊಂಡ ಅಣುವನ್ನು ಬೇಗ ಕೆಳಗಿಳಿಸುತ್ತದೆ, ಇಲ್ಲವೇ ಆಕ್ಸಿಜನ್ನಿನಿಂದ ಹುಟ್ಟಿದ ಪುಂಡ ಅಣುಗಳನ್ನು ತಾನೇ ಹಿಡಿದುಕೊಳ್ಳುತ್ತದೆ. 1981ರಲ್ಲಿ ಜಾನ್ಸನ್ ಮತ್ತು ನೊಗೇರಾ ಅರಾವುಜೊ ಗ್ಲಿಸರಾಲ್‌ಗೆ ಪಿ-ಫೀನಿಲೀನ್ ಡೈಅಮೀನ್ ಸೇರಿಸಿದರೆ ಎಫ್‌ಐಟಿಸಿ ಬೇಗ ಮಾಸುವುದಿಲ್ಲ ಅಂತ ತೋರಿಸಿದರು. ಮರುವರ್ಷವೇ ಗಿಲೋ ಮತ್ತು ಸೆಡಾಟ್, ಪ್ರೊಪೈಲ್ ಗ್ಯಾಲೇಟ್ ಕೂಡ ಇದೇ ಕೆಲಸ ಮಾಡುತ್ತದೆ ಅಂದರು. ಅದೇ ಸುಮಾರಿಗೆ ಡ್ಯಾಬ್ಕೋ ಕೂಡ ಬಳಕೆಗೆ ಬಂತು. ನಲವತ್ತು ವರ್ಷ ಆಯಿತು. ಲ್ಯಾಬಿನಲ್ಲೇ ಕಲಸಿಕೊಳ್ಳುವ ಮೀಡಿಯಂಗಳಲ್ಲಿ ಇವತ್ತೂ ಈ ಮೂರೇ ದೊಡ್ಡ ಹೆಸರುಗಳು.

ಮೂರೂ ನಮಗೆ ತೀರಾ ಅಪರಿಚಿತವಲ್ಲ ಅನ್ನುವುದು ಒಂದು ತಮಾಷೆ. ಮೊದಲನೆಯದು, ಅಂದರೆ ಪಿಪಿಡಿ, ತಲೆಗೂದಲಿಗೆ ಹಚ್ಚುವ ಕಪ್ಪು ಡೈಯಲ್ಲಿ ಇರುವಂಥದ್ದೇ. ಅಲರ್ಜಿ ಆಗುವುದೂ ಅದರಿಂದಲೇ, ಆದ್ದರಿಂದ ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಪ್ರೊಪೈಲ್ ಗ್ಯಾಲೇಟನ್ನು ಎಣ್ಣೆ, ಕೊಬ್ಬು ಕಮಟು ಹಿಡಿಯದಿರಲಿ ಅಂತ ಆಹಾರಕ್ಕೆ ಹಾಕುತ್ತಾರೆ, ಪ್ಯಾಕೆಟ್ ಮೇಲೆ ಇ310 ಅಂತ ಇರುತ್ತದೆ. ಡ್ಯಾಬ್ಕೋ ಪಾಲಿಯುರೆಥೇನ್ ಫೋಮ್ ತಯಾರಿಕೆಯಲ್ಲಿ ಬಳಕೆಯಾಗುತ್ತದೆ.

ಹೊಳಪು ಉಳಿಸುವುದರಲ್ಲಿ ಪಿಪಿಡಿಯೇ ಗಟ್ಟಿ. ಆದರೆ ತುಂಬಾ ಸೂಕ್ಷ್ಮ. ಹೊಸದಾಗಿ ಕಲಸಿದಾಗ ತಿಳಿಯಾಗಿರುತ್ತದೆ. ಗಾಳಿ, ಬೆಳಕು ತಾಗಿದರೆ ಹಳದಿಯಾಗಿ, ಆಮೇಲೆ ಕಂದಾಗುತ್ತದೆ. ಕಂದಾದದ್ದನ್ನು ಚೆಲ್ಲಿ. "ಸ್ವಲ್ಪ ತಾನೇ ಕಂದಾಗಿದೆ" ಅಂತ ಬಳಸಿದರೆ ಹಿನ್ನೆಲೆಯೇ ಹೊಳೆಯಲು ಶುರುವಾಗುತ್ತದೆ. ಚಿಕ್ಕ ಚಿಕ್ಕ ಟ್ಯೂಬುಗಳಲ್ಲಿ ಹಂಚಿ, ಫಾಯಿಲ್ ಸುತ್ತಿ, ಮೈನಸ್ 20ರಲ್ಲಿಡಿ. ಇನ್ನೊಂದು ಮಾತು, ಸೈ2 ಡೈ ಜೊತೆ ಪಿಪಿಡಿಯನ್ನು ಸೇರಿಸಲೇಬಾರದು, ಹೊಳಪೇ ಹೋಗುತ್ತದೆ. ಡ್ಯಾಬ್ಕೋ ಅಷ್ಟು ಗಟ್ಟಿಯಲ್ಲ, ಆದರೆ ಕಂದಾಗುವುದಿಲ್ಲ, ವಿಷವೂ ಕಡಿಮೆ. ಕಾಲೇಜು ಲ್ಯಾಬಿಗೆ ನಾನು ಹೇಳುವುದು ಅದನ್ನೇ.

ಮೋವಿಯಾಲ್ ಅನ್ನುವ ಪಾಲಿವಿನೈಲ್ ಆಲ್ಕೋಹಾಲ್ ಪುಡಿಯಿಂದ ಮೀಡಿಯಂ ಮಾಡುವ ವಿಧಾನ ಹೇಳುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಿ. 2.4 ಗ್ರಾಂ ಮೋವಿಯಾಲ್ 4-88 ಪುಡಿಯನ್ನು 6 ಗ್ರಾಂ ಗ್ಲಿಸರಾಲ್‌ಗೆ ಹಾಕಿ ಚೆನ್ನಾಗಿ ಕಲಸಿ. 6 ಮಿಲಿ ನೀರು ಹಾಕಿ ಕೆಲವು ಗಂಟೆ ಬಿಡಿ, ಪುಡಿ ನೆನೆಯಲಿ. ಆಮೇಲೆ ಪಿಎಚ್ 8.5ರ 0.2 ಮೋಲಾರ್ ಟ್ರಿಸ್ ಬಫರ್ (ಪಿಎಚ್ ಹೆಚ್ಚು ಬದಲಾಗದಂತೆ ಹಿಡಿಯುವ ದ್ರಾವಣ) 12 ಮಿಲಿ ಹಾಕಿ, 50 ಡಿಗ್ರಿಯಲ್ಲಿಟ್ಟು ಆಗಾಗ ಕದಡಿ. ಕರಗದೆ ಉಳಿದ ಗಂಟುಗಳನ್ನು ಸೆಂಟ್ರಿಫ್ಯೂಜ್ ಮಾಡಿ ತೆಗೆಯಿರಿ. ಕೊನೆಗೆ ಶೇ. 2.5ರಷ್ಟು ಡ್ಯಾಬ್ಕೋ. ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಸ್ಲೈಡಿನ ಮೇಲೆ ಹಾಕಿದರೆ ರಾತ್ರಿ ಕಳೆಯುವುದರೊಳಗೆ ಗಟ್ಟಿಯಾಗುತ್ತದೆ. ಇಡೀ ಬ್ಯಾಚಿನ ಖರ್ಚನ್ನು ಕಂಪನಿಯ ಒಂದು ಪುಟ್ಟ ಬಾಟಲಿಯ ಬೆಲೆಯ ಪಕ್ಕ ಇಟ್ಟು ನೋಡಿ. ವೆಕ್ಟಾಶೀಲ್ಡ್, ಪ್ರೋಲಾಂಗ್ ಥರದ ಕಂಪನಿ ಮೀಡಿಯಂಗಳು ಚೆನ್ನಾಗಿಲ್ಲ ಅಂತಲ್ಲ. ದುಡ್ಡಿದ್ದರೆ ಖಂಡಿತ ತನ್ನಿ. ಆದರೆ ದುಡ್ಡಿಲ್ಲ ಅಂತ ಬರೀ ಗ್ಲಿಸರಾಲ್‌ನಲ್ಲಿ ಮೌಂಟ್ ಮಾಡಿ ಕೈಕಟ್ಟಿ ಕೂರಬೇಕಾಗಿಲ್ಲ.

ಇಲ್ಲಿ ಪಿಎಚ್ 8.5 ಯಾಕೆ ಅಂತ ಯಾರಾದರೂ ಕೇಳಬೇಕಿತ್ತು. ಡಬ್ಬಿಯಲ್ಲಿಟ್ಟಲ್ಲೇ ಮಾಸುವ ಸ್ಲೈಡುಗಳ ಕಥೆ ಬಹುಪಾಲು ಇಲ್ಲೇ ಇದೆ. ಫ್ಲೋರೆಸೀನ್ ಕ್ಷಾರದಲ್ಲಿ ಹೊಳೆಯುತ್ತದೆ, ಹುಳಿಯಲ್ಲಿ ಮಂಕಾಗುತ್ತದೆ. ಅದರ ಪಿಕೆಎ ಸುಮಾರು 6.4. ಪಿಎಚ್ ಅಲ್ಲಿಗೆ ಇಳಿದರೆ ಅರ್ಧದಷ್ಟು ಅಣುಗಳು ಚೆನ್ನಾಗಿ ಹೊಳೆಯುವ ರೂಪದಲ್ಲೇ ಇರುವುದಿಲ್ಲ. ಬಣ್ಣ ಅಲ್ಲೇ ಇದೆ, ಸತ್ತಿಲ್ಲ, ಆದರೂ ಕಾಣುವುದಿಲ್ಲ. ಬಫರ್ ಹಾಕಿದ ಗ್ಲಿಸರಾಲ್ ಬಾಟಲಿಯನ್ನು ಮತ್ತೆ ಮತ್ತೆ ತೆರೆದರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗಿ ಪಿಎಚ್ ಇಳಿಯುತ್ತಾ ಬರುತ್ತದೆ. ಶೆಲ್ಫಿನಲ್ಲಿ ವರ್ಷಗಟ್ಟಲೆ ಇರುವ, ಲೇಬಲ್ ಅಳಿಸಿಹೋದ ಆ ಬಾಟಲಿ ಎಲ್ಲ ಲ್ಯಾಬಿನಲ್ಲೂ ಇರುತ್ತದೆ, ಅಲ್ವಾ? ಮೊದಲು ಅದಕ್ಕೊಂದು ಪಿಎಚ್ ಪೇಪರ್ ಅದ್ದಿ ನೋಡಿ. ಜಿಎಫ್‌ಪಿ ಅನ್ನುವ ಹಸಿರಾಗಿ ಹೊಳೆಯುವ ವಸ್ತುವಿಗೂ ಹುಳಿ ಆಗದು. ಜೊತೆಗೆ ಅದೊಂದು ಪ್ರೋಟೀನ್. ಆಲ್ಕೋಹಾಲಿನಲ್ಲಿ ನೀರು ತೆಗೆದರೆ ಅದರ ಹೊಳಪು ಹೋಗುತ್ತದೆ. ಪೆಥಾಲಜಿಯಿಂದ ಬಂದವರು ಅಭ್ಯಾಸಬಲದಿಂದ ಆಲ್ಕೋಹಾಲ್, ಕ್ಸೈಲಿನ್, ಆಮೇಲೆ ಡಿಪಿಎಕ್ಸ್ ಅನ್ನುವ ಮೀಡಿಯಂ ಅಂತ ಹೊರಡುತ್ತಾರೆ. ಪೆಥಾಲಜಿಯ ಮಾಮೂಲಿ ಎಚ್ ಅಂಡ್ ಇ ಬಣ್ಣದ ಸ್ಲೈಡಿಗೆ ಅದು ಸರಿ, ದಶಕಗಟ್ಟಲೆ ಉಳಿಯುತ್ತದೆ. ಜಿಎಫ್‌ಪಿ ಸ್ಲೈಡಿಗೆ ಅದು ಬೇಡ. ಫ್ಲೋರೋ-ಜೇಡ್ ಥರದ ಕೆಲವು ಬಣ್ಣಗಳನ್ನು ಡಿಪಿಎಕ್ಸ್‌ನಲ್ಲೇ ಮೌಂಟ್ ಮಾಡುತ್ತಾರೆ, ನಿಜ. ಅವು ಲೆಕ್ಕಕ್ಕೆ ಕೆಲವೇ.

ಈಗ ಕವರ್‌ಸ್ಲಿಪ್, ಅಂದರೆ ಸ್ಯಾಂಪಲ್ ಮೇಲಿನ ತೆಳು ಗಾಜು, ಹಾಕುವ ಕೆಲಸ. ನೋಡಲು ಚಿಲ್ಲರೆ ಕೆಲಸ, ಹೆಚ್ಚು ಸ್ಲೈಡ್ ಹಾಳಾಗುವುದು ಇಲ್ಲೇ. ಕೊನೆಯ ತೊಳೆತದ ಬಫರನ್ನು ಸ್ಲೈಡ್ ಓರೆ ಮಾಡಿ ಟಿಶ್ಯೂ ಪೇಪರಿನ ಅಂಚಿಗೆ ಇಳಿಸಿ. ಜಾಸ್ತಿ ನೀರು ಉಳಿದರೆ ಮೀಡಿಯಂ ತೆಳುವಾಗುತ್ತದೆ, ಆಂಟಿಫೇಡ್ ಅಳತೆ ತಪ್ಪುತ್ತದೆ. ಪೂರ್ತಿ ಒಣಗಿಸಿದರೂ ತಪ್ಪು. ಜೀವಕೋಶ ಮುದುಡಿ ಎಲ್ಲ ಕಡೆ ಸುಳ್ಳು ಹೊಳಪು ಬರುತ್ತದೆ. 22 ಮಿ.ಮೀ. ಕವರ್‌ಸ್ಲಿಪ್ಪಿಗೆ 20 ಮೈಕ್ರೋಲೀಟರ್ ಆಸುಪಾಸು ಸಾಕು. ಒಂದು ಅಂಚನ್ನು ಮೊದಲು ತಾಗಿಸಿ, ಸೂಜಿಯ ಮೇಲೆ ಇನ್ನೊಂದು ಅಂಚನ್ನು ನಿಧಾನಕ್ಕೆ ಇಳಿಸಿ. ಗುಳ್ಳೆ ನಿಂತರೆ ಒತ್ತಬೇಡಿ, ಒತ್ತಿದರೆ ಜೀವಕೋಶ ಜಜ್ಜಿಹೋಗುತ್ತವೆ. ಕವರ್‌ಸ್ಲಿಪ್ ನಂಬರ್ 1.5 ಇರಲಿ, ಅಂದರೆ 0.17 ಮಿ.ಮೀ. ದಪ್ಪ. ಲೆನ್ಸುಗಳು ಆ ದಪ್ಪಕ್ಕೇ ತಯಾರಾಗಿರುತ್ತವೆ.

ಗಟ್ಟಿಯಾಗದ ಮೀಡಿಯಂ ಆದರೆ ಅಂಚು ಸೀಲ್ ಮಾಡಲೇಬೇಕು. ಗ್ಲಿಸರಾಲ್ ಗಾಳಿಯಿಂದ ನೀರು ಎಳೆದುಕೊಳ್ಳುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಸೀಲ್ ಇಲ್ಲದ ಸ್ಲೈಡಿನ ಕವರ್‌ಸ್ಲಿಪ್ ಹಾಗೇ ಜಾರಿಬರುತ್ತದೆ. ಎಲ್ಲರೂ ಬಳಸುವುದು ನೇಲ್ ಪಾಲಿಶ್, ತಪ್ಪೇನಿಲ್ಲ. ಬಣ್ಣವಿಲ್ಲದ್ದನ್ನೇ ತನ್ನಿ, ಬಣ್ಣದ್ದು ತಾನೇ ಹೊಳೆದು ಕಾಡುತ್ತದೆ. ಮೊದಲು ನಾಲ್ಕು ಮೂಲೆಗೆ ಒಂದೊಂದು ಚುಕ್ಕಿ ಇಟ್ಟು ಒಣಗಲು ಬಿಡಿ, ಆಮೇಲೆ ಅಂಚು ಪೂರ್ತಿ ಎಳೆಯಿರಿ. ನೇಲ್ ಪಾಲಿಶಿನ ದ್ರಾವಕ ಒಳಗೆ ಇಳಿದರೆ ಜಿಎಫ್‌ಪಿ ಕೆಡುತ್ತದೆ. ಅಂಥ ಕಡೆ ವ್ಯಾಸಲೀನ್, ಲ್ಯಾನೋಲಿನ್, ಪ್ಯಾರಾಫಿನ್ ಮೇಣ ಸಮಸಮ ಸೇರಿಸಿ ಕರಗಿಸಿದ ಮಿಶ್ರಣ ಒಳ್ಳೆಯದು. ವ್ಯಾಲ್ಯಾಪ್ ಅನ್ನುತ್ತಾರೆ. ಬಿಸಿಯಾಗಿ ಸವರಿದರೆ ಅಲ್ಲೇ ಗಟ್ಟಿಯಾಗುತ್ತದೆ.

ಇನ್ನು ಆರಮಿನ್. ಆಸ್ಪತ್ರೆಯವರು ಇದಕ್ಕೇ ಕಾಯುತ್ತಿದ್ದೀರಿ ಅನಿಸುತ್ತದೆ. ಎಲ್‌ಇಡಿ ಫ್ಲೋರೆಸೆಂಟ್ ಮೈಕ್ರೋಸ್ಕೋಪಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ನೀತಿ ಪ್ರಕಟಿಸಿದ ಮೇಲೆ ಕ್ಷಯದ ಲ್ಯಾಬುಗಳಲ್ಲಿ ಇದು ಮಾಮೂಲಾಯಿತು. ಕಾರಣ ಸರಳ. ಕ್ಷಯದ ಹಳೆಯ ಬಣ್ಣದ ವಿಧಾನವಾದ ಜೀಲ್-ನೀಲ್ಸನ್ ಸ್ಲೈಡನ್ನು ಎಣ್ಣೆ ಹಾಕಿ 100ಎಕ್ಸ್‌ನಲ್ಲಿ ನೋಡಬೇಕು. ಆರಮಿನ್ ಸ್ಲೈಡನ್ನು 20ಎಕ್ಸ್‌ನಲ್ಲೇ ಓಡಿಸಬಹುದು, ಕಪ್ಪು ಹಿನ್ನೆಲೆಯಲ್ಲಿ ಹಳದಿ ಕಡ್ಡಿಗಳು ಎದ್ದು ಕಾಣುತ್ತವೆ. ಆದರೆ ಇಲ್ಲಿ ಆಂಟಿಫೇಡ್ ಇಲ್ಲ, ಕವರ್‌ಸ್ಲಿಪ್ಪೂ ಇಲ್ಲ. ಬರೀ ಒಣಗಿದ ಕಫದ ಸ್ಮಿಯರ್, ಸುತ್ತ ಬೇಕಾದಷ್ಟು ಆಕ್ಸಿಜನ್.

ಹಾಗಾಗಿ ಇಲ್ಲಿ ಶಿಸ್ತೇ ಆಂಟಿಫೇಡ್. ಸ್ಟೇನ್ ಆದ ಸ್ಲೈಡನ್ನು ಕಿಟಕಿ ಪಕ್ಕ ಬಿಸಿಲಿಗೆ ಒಣಗಲು ಇಡಬೇಡಿ. ಅವತ್ತೇ ಓದಿ. ಆಗದಿದ್ದರೆ ಮುಚ್ಚಳವಿರುವ ಕಪ್ಪು ಡಬ್ಬಿಯಲ್ಲಿಟ್ಟು 24 ಗಂಟೆಯೊಳಗೆ ಮುಗಿಸಿ. ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಹಾಕಿದ ಮೇಲೆ ಗಡಿಯಾರ ನೋಡಿ. ಅದು ಹಿನ್ನೆಲೆಯನ್ನು ಕಪ್ಪು ಮಾಡಲು ಇರುವುದು. ಹೇಳಿದ ಸಮಯಕ್ಕಿಂತ ಜಾಸ್ತಿ ಬಿಟ್ಟರೆ ಬ್ಯಾಕ್ಟೀರಿಯಾದ ಹೊಳಪನ್ನೂ ನುಂಗುತ್ತದೆ. ಫೋನ್ ಬಂತು ಅಂತ ಸಿಂಕಿನ ಮುಂದೆ ನಿಂತು ಮಾತಾಡಿದಷ್ಟು ಹೊತ್ತಿಗೆ ಪಾಸಿಟಿವ್ ಸ್ಲೈಡ್ ನೆಗೆಟಿವ್ ಥರ ಕಾಣಬಹುದು.

ಇದರಲ್ಲಿ ಒಂದು ಅನ್ಯಾಯವೂ ಇದೆ. ಮರುಪರಿಶೀಲನೆಗೆ ಸ್ಲೈಡುಗಳನ್ನು ಇಟ್ಟುಕೊಂಡು, ವಾರಗಳ ನಂತರ ಬೇರೆಯವರು ಓದುತ್ತಾರೆ. ಅಷ್ಟರಲ್ಲಿ ಹೊಳಪು ಇಳಿದಿರುತ್ತದೆ. ಮೊದಲು ಓದಿದವರು "1+" ಅಂತ, ಅಂದರೆ ಪಾಸಿಟಿವ್ ಅಂತ, ಬರೆದದ್ದು ಈಗ ಖಾಲಿ ಕಾಣುತ್ತದೆ. ತಪ್ಪು ಓದಿದ್ದು ಯಾರು? ಯಾರೂ ಅಲ್ಲ, ಬಣ್ಣ ಹೋಗಿದೆ ಅಷ್ಟೇ. ಹೀಗೆ ತಾಳೆಯಾಗದ ಸ್ಲೈಡನ್ನು ಮತ್ತೆ ಸ್ಟೇನ್ ಮಾಡಿ ನೋಡದೆ ಟೆಕ್ನೀಶಿಯನ್ ಮೇಲೆ ತಪ್ಪು ಬರೆಯುವುದು ಸರಿಯಲ್ಲ ಅಂತ ನಾನು ಎಲ್ಲಿ ಹೋದರೂ ಹೇಳುತ್ತೇನೆ. ಬ್ಯಾಕ್ಟೀರಿಯಾ ಸ್ಲೈಡಿನ ಮೇಲೆ ಹಾಗೇ ಇರುತ್ತದೆ, ಆರಮಿನ್ ಮತ್ತೆ ಹತ್ತುತ್ತದೆ.

ಕಿಡ್ನಿ ಮತ್ತು ಚರ್ಮದ ಬಯಾಪ್ಸಿ ಮಾಡುವ ಕಡೆ ಕಥೆ ಬೇರೆ. ಅಲ್ಲಿ ಎಫ್‌ಐಟಿಸಿ ಹಚ್ಚಿದ ಸ್ಲೈಡ್ ಹಾಳಾದರೂ ಉಳಿದ ಟಿಶ್ಯೂವಿನಿಂದ ಇನ್ನೊಂದು ಸೆಕ್ಷನ್ ಕತ್ತರಿಸಬಹುದು. ಅದಕ್ಕೇ ನನ್ನ ಮಟ್ಟಿಗೆ ದಾಖಲೆ ಅಂದರೆ ಫೋಟೋ ಮತ್ತು ಫ್ರೀಜರಿನ ಟಿಶ್ಯೂ, ಸ್ಲೈಡಲ್ಲ. ಸ್ಟೇನ್ ಮಾಡಿದ ದಿನವೇ ಫೋಟೋ ತೆಗೆಯಿರಿ, ಎಕ್ಸ್‌ಪೋಷರ್ ಎಷ್ಟು ಅಂತ ಬರೆದಿಡಿ. ದೂರದ ಊರಿಂದ, ಹೊಳೆಯುವ ಆಂಟಿಬಾಡಿ ಹಚ್ಚಿ ನೋಡುವ ಇಮ್ಯುನೋಫ್ಲೋರೆಸೆನ್ಸ್‌ಗೆ ಚರ್ಮ ಕಳಿಸುವವರು ದಯವಿಟ್ಟು ಫಾರ್ಮಲಿನ್‌ನಲ್ಲಿ ಕಳಿಸಬೇಡಿ. ಅಮೋನಿಯಂ ಸಲ್ಫೇಟ್ ಇರುವ ಮಿಶೆಲ್ ಮೀಡಿಯಂ ಅಂತ ಇದೆ, ಅದರಲ್ಲಿ ಕೆಲವು ದಿನ ಫ್ರಿಜ್ ಇಲ್ಲದೆಯೂ ತಾಳುತ್ತದೆ.

ನೋಡುವಾಗಿನ ಜಿಪುಣತನದ ಬಗ್ಗೆ ಎರಡು ಮಾತು. ದೀಪ ಪೂರ್ತಿ ಏರಿಸಬೇಡಿ, ಕ್ಯಾಮೆರಾ ಎಕ್ಸ್‌ಪೋಷರ್ ಸ್ವಲ್ಪ ಏರಿಸಿ. ಫೋಕಸ್ ಹುಡುಕಲು ಒಂದು ಮೂಲೆಯನ್ನು ಬಲಿ ಕೊಡಿ, ಫೋಟೋ ಬೇರೆ ಜಾಗದಲ್ಲಿ ತೆಗೆಯಿರಿ. ಕಣ್ಣು ಐಪೀಸ್‌ನಿಂದ ತೆಗೆದರೆ ಕೈ ಶಟರ್ ಮೇಲಿರಲಿ. ಮೂರ್ನಾಲ್ಕು ಬಣ್ಣ ಇದ್ದರೆ ದೂರದ ಕೆಂಪಿನಿಂದ ಶುರುಮಾಡಿ ನೀಲಿಗೆ ಬನ್ನಿ, ಡಾಪಿ ಕೊನೆಗೆ. ಡಾಪಿಗೆ ಹಾಕುವ ಅಲ್ಟ್ರಾವಯಲೆಟ್ ಉಳಿದ ಬಣ್ಣಗಳನ್ನೂ ತಿನ್ನುತ್ತದೆ. ಇನ್ನೊಂದು ತೊಂದರೆ, ಆ ಬೆಳಕು ಜಾಸ್ತಿ ಬಿದ್ದರೆ ಡಾಪಿಯೇ ರೂಪ ಬದಲಿಸಿ ಹಸಿರಾಗಿ ಹೊಳೆಯಲು ಶುರುಮಾಡುತ್ತದೆ. ನ್ಯೂಕ್ಲಿಯಸ್ಸಿನಲ್ಲಿ ಹೊಸ ಪ್ರೋಟೀನ್ ಸಿಕ್ಕಿತು ಅಂತ ಖುಷಿಪಡುವ ಮೊದಲು ಇದನ್ನು ನೆನಪಿಸಿಕೊಳ್ಳಿ.

ಅಂದಹಾಗೆ ಬಣ್ಣ ಸಾಯುವುದು ಎಲ್ಲರಿಗೂ ನಷ್ಟವಲ್ಲ. ಬೇಕೆಂತಲೇ ಲೇಸರ್ ಹೊಡೆದು ಒಂದು ಚುಕ್ಕಿಯನ್ನು ಕಪ್ಪು ಮಾಡಿ, ಸುತ್ತಲಿನ ಅಣುಗಳು ಎಷ್ಟು ಬೇಗ ಅಲ್ಲಿಗೆ ಬರುತ್ತವೆ ಅಂತ ಅಳೆಯುವ ವಿಧಾನ 1970ರ ದಶಕದಿಂದ ಇದೆ. 2014ರ ರಸಾಯನಶಾಸ್ತ್ರದ ನೊಬೆಲ್ ತಂದ ಸೂಪರ್ ರೆಸಲ್ಯೂಷನ್ ವಿಧಾನಗಳಲ್ಲಿ ಒಂದು ನಿಂತಿರುವುದೂ ಅಣುಗಳನ್ನು ಕೆಲವೇ ಕೆಲವಾಗಿ ಬೆಳಗಿಸಿ, ಆರಿಸಿ, ಮತ್ತೆ ಬೇರೆಯವನ್ನು ಬೆಳಗಿಸುವುದರ ಮೇಲೆ. ಅದು ಇನ್ನೊಂದು ದಿನದ ಮಾತು.

ಕೊನೆಗೆ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತೇನೆ, ಒಳ್ಳೆಯ ಪ್ರಶ್ನೆ. "ಮಾಸಿಹೋದ ಆಂಟಿಬಾಡಿ ಸ್ಲೈಡನ್ನು ಮತ್ತೆ ಹೊಳೆಯಿಸಬಹುದಾ ಮೇಡಂ?"

ಯಾಕೆ ಮಾಸಿತು ಅನ್ನುವುದರ ಮೇಲೆ ಹೋಗುತ್ತದೆ. ಪಿಎಚ್ ಇಳಿದು ಮಂಕಾಗಿದ್ದರೆ ಖಂಡಿತ ಆಗುತ್ತದೆ. ನೇಲ್ ಪಾಲಿಶನ್ನು ಬ್ಲೇಡಿನಿಂದ ಎಬ್ಬಿಸಿ, ಸ್ಲೈಡನ್ನು ಉಪ್ಪಿನ ಬಫರಾದ ಪಿಬಿಎಸ್‌ನಲ್ಲಿ ನಿಲ್ಲಿಸಿ. ಮೋವಿಯಾಲ್ ಆದರೆ ಪಿಬಿಎಸ್ 37 ಡಿಗ್ರಿ ಬೆಚ್ಚಗಿರಲಿ. ಕವರ್‌ಸ್ಲಿಪ್ ತಾನಾಗಿ ಜಾರುವ ತನಕ ಕಾಯಿರಿ, ಎಳೆಯಬೇಡಿ. ಹೊಸ ಮೀಡಿಯಂ ಹಾಕಿ ನೋಡಿ. ಡಾಪಿ ಸೋರಿದ್ದರೆ ಮತ್ತೆ ಡಾಪಿ ಹಾಕಿದರೆ ಮುಗಿಯಿತು. ಬೆಳಕಿಗೆ ಸುಟ್ಟಿದ್ದರೆ ಅದೇ ಸೆಕೆಂಡರಿ ಆಂಟಿಬಾಡಿಯನ್ನು (ಗುರಿಗೆ ಅಂಟಿದ ಪ್ರೈಮರಿ ಆಂಟಿಬಾಡಿಯನ್ನು ಹಿಡಿಯುವ, ಬಣ್ಣ ಹೊತ್ತ ಎರಡನೆಯ ಆಂಟಿಬಾಡಿ) ಮತ್ತೆ ಹಾಕಿ ಹೆಚ್ಚು ಉಪಯೋಗವಿಲ್ಲ, ಸತ್ತ ಬಣ್ಣ ಹೊತ್ತ ಹಳೆಯ ಆಂಟಿಬಾಡಿ ಜಾಗ ಬಿಟ್ಟುಕೊಟ್ಟಿರುವುದಿಲ್ಲ. ಆದರೆ ಆ ಹಳೆಯದನ್ನೇ ಹಿಡಿಯಬಹುದು. ನಿಮ್ಮ ಸೆಕೆಂಡರಿ ಮೇಕೆಯದಾಗಿದ್ದರೆ, ಮೇಕೆಯ ಆಂಟಿಬಾಡಿಗೆ ಅಂಟುವ ಕತ್ತೆಯ ಆಂಟಿಬಾಡಿ ಸಿಗುತ್ತದೆ. ಅದರ ಮೇಲೆ ಅಲೆಕ್ಸಾದಂಥ ಗಟ್ಟಿ ಬಣ್ಣ ಇರಲಿ. ಸ್ಲೈಡಿನಲ್ಲಿ ಮೇಕೆಯ ಬೇರೆ ಪ್ರೈಮರಿ ಇದ್ದರೆ ಮಾತ್ರ ಈ ದಾರಿ ಬೇಡ, ಎರಡೂ ಒಟ್ಟಿಗೇ ಹೊಳೆಯುತ್ತವೆ. ಮೊದಲು ಕೆಲಸಕ್ಕೆ ಬಾರದ ಒಂದು ಸ್ಲೈಡಿನ ಮೇಲೆ ಮಾಡಿ ನೋಡಿ, ಆಮೇಲೆ ನಿಮ್ಮ ಥೀಸಿಸ್ಸಿನ ಸ್ಲೈಡಿಗೆ ಕೈಹಾಕಿ.